ಅಘನಾಶಿನಿ ಕಣಿವೆಯಲ್ಲಿ ನಾಲ್ಕು ದಿನ ನಡೆಯುವ ಆಸೆ, ಯೋಜನೆ ಸರಿ ಇದೆಯಾ ನೋಡಿ

ಕಡಲಮಗಳು
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಈಗ ಹುಬ್ಬಳ್ಳಿಯಲ್ಲಿ ಕೆಲಸ. ಚಿಕ್ಕಂದಿನಿಂದ ಕಾಳಿ ಹೊಳೆ ನೋಡಿ ಬೆಳೆದಿದ್ದೇನೆ. ಆದರೆ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಒಂದರ ಹಿಂದೊಂದು ಅಣೆಕಟ್ಟು. ಅಣೆಕಟ್ಟೇ ಇಲ್ಲದ ಹೊಳೆಯ ಜೊತೆ ಘಟ್ಟದಿಂದ ಕಡಲಿನ ತನಕ ನಡೆಯಬೇಕು ಅನ್ನೋದು ಬಹಳ ದಿನದ ಆಸೆ. ಅದಕ್ಕೇ ನಮ್ಮ ಉತ್ತರ ಕನ್ನಡದ ಅಘನಾಶಿನಿ.

ನಾವು ನಾಲ್ಕು ಜನ. ನಾನು, ತಮ್ಮ, ಆಫೀಸಿನ ಇಬ್ಬರು ಗೆಳತಿಯರು. ಕುದುರೆಮುಖ, ಕುಮಾರಪರ್ವತ ಹತ್ತಿ ಅಭ್ಯಾಸ ಇದೆ. ಸಂಕ್ರಾಂತಿ ರಜೆಗೆ ಹೊರಡೋಣ ಅಂತಿದ್ದೇವೆ. ಮೊದಲ ದಿನ ಉಂಚಳ್ಳಿ ಜಲಪಾತದ ಪಕ್ಕದಿಂದ ಕೆಳಗೆ ಇಳಿಯೋದು. ಆಮೇಲೆ ಹೊಳೆ ದಂಡೆ ಹಿಡಿದು ನಡೆಯೋದು, ಮೂರು ರಾತ್ರಿ ಮರಳಿನ ಮೇಲೆ ಟೆಂಟ್. ನಾಲ್ಕನೇ ದಿನ ಉಪ್ಪಿನಪಟ್ಟಣ ಕಡೆ ಹೊರಬಂದು, ಅಲ್ಲಿಂದ ಹೊಳೆ ಕಡಲು ಸೇರುವ ತದಡಿ. ಮ್ಯಾಪಿನಲ್ಲಿ ಹೊಳೆ ಪಕ್ಕ ಒಂದು ಸಣ್ಣ ಗೆರೆ ಕಾಣ್ತದೆ, ಅದೇ ದಾರಿ ಅಂದುಕೊಂಡಿದ್ದೇನೆ. ಯಾರಾದರೂ ನಡೆದಿದ್ದೀರಾ?

ಉಂಬಳಪ್ರಿಯ
ಸೂಪರ್ ಯೋಜನೆ! ಹೋಗಿ ಬನ್ನಿ. ನಾನು ಕಾಲೇಜಿನ ದಿನಗಳಲ್ಲಿ ಉಂಚಳ್ಳಿ ಬುಡದ ತನಕ ಇಳಿದಿದ್ದೇನೆ. ಯಾರೂ ಕೇಳಲಿಲ್ಲ, ಯಾವ ಕಾಗದವೂ ಬೇಕಾಗಲಿಲ್ಲ. ಜನವರಿಯಲ್ಲಿ ಉಂಬಳ (ಜಿಗಣೆ) ಇರೋದಿಲ್ಲ, ಅದೊಂದು ಬೇಜಾರು (ಹೆಸರು ನೋಡಿದ್ರಲ್ಲ). ಗುಂಪು ಕರೆದುಕೊಂಡು ಹೋಗುವವರೂ ಇದ್ದಾರೆ.

ಸೊಪ್ಪಿನಬೆಟ್ಟ
ತಂಗೀ, ಸ್ವಲ್ಪ ತಡಿ. ನಮ್ಮ ಮನೆ ಹೆಗ್ಗರಣಿ ಕಡೆ. ಉಂಚಳ್ಳಿಗೆ ಹೋಗುವವರೆಲ್ಲ ನಮ್ಮ ತೋಟದ ಮೇಲಿನ ರಸ್ತೆಯಲ್ಲೇ ಹೋಗೋದು. ಉದ್ದ ಬರೆದರೆ ಬೈಯಬೇಡ.

ಮೊದಲು ಆ ಗೆರೆ. ಅದು ದಾರಿ ಅಲ್ಲ. ಎಲ್ಲೋ ಒಂದು ಕಡೆ ಸೊಪ್ಪು, ದರಕು (ಒಣ ಎಲೆ) ತರುವವರ ಕಾಲುಹಾದಿ ಇರಬಹುದು, ಮುಂದೆ ಬಂಡೆಗೆ ಹೋಗಿ ನಿಲ್ತದೆ. ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಬೀಳ್ತದೆ. ಬಿದ್ದ ಮೇಲೆ ಸುಮ್ನೆ ಹರಿಯೋದಿಲ್ಲ, ಎರಡೂ ಕಡೆ ಗೋಡೆ ನಿಂತ ಹಾಗಿರುವ ಕಣಿವೆಯಲ್ಲಿ ಹೋಗ್ತದೆ. ದಂಡೆ ಅನ್ನೋದು ಸುಮಾರು ಕಡೆ ಇಲ್ಲವೇ ಇಲ್ಲ. ಬಂಡೆಯಿಂದ ಬಂಡೆಗೆ ಹಾರಬೇಕು, ಇಲ್ಲ ನೀರಿಗೆ ಇಳಿಯಬೇಕು. ಒಂದು ಕಿಲೋಮೀಟರಿಗೆ ಅರ್ಧ ದಿನ ಹೋದರೂ ಆಶ್ಚರ್ಯ ಇಲ್ಲ.

ಎರಡನೇದು ಕಾನೂನು. ಈ ಕಣಿವೆ 2011ರಲ್ಲಿ ಸಿಂಗಳೀಕಕ್ಕಾಗಿ ಸಂರಕ್ಷಿತ ಪ್ರದೇಶ ಆಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯದ ಜೊತೆ ಸೇರಿಸಿದರು. ಆಗ ಸೇರಿಸಿದ ಇನ್ನಷ್ಟು ಮೀಸಲು ಕಾಡೂ ಸೇರಿ ಈಗ ಒಟ್ಟು 930 ಚದರ ಕಿ.ಮೀ. ಅಂದರೆ ನೀನು ಟೆಂಟ್ ಹಾಕಬೇಕು ಅಂದುಕೊಂಡಿರೋದು ಅಭಯಾರಣ್ಯದ ಒಳಗೆ. ಉಂಬಳಪ್ರಿಯ ಅವರ ಕಾಲೇಜಿನ ದಿನಗಳು ಇದಕ್ಕಿಂತ ಮೊದಲು ಇರಬೇಕು.

ಮೂರನೇದು, ನಾನು ಕಣ್ಣಾರೆ ಕಂಡಿದ್ದು. ಸುಮಾರು ವರ್ಷದ ಹಿಂದೆ ಆರು ಹುಡುಗರು ಜಲಪಾತದ ಕೆಳಗೆ ಇಳಿದರು. ಒಬ್ಬನ ಕಾಲು ಪಾಚಿ ಮೇಲೆ ಜಾರಿ ಪಾದದ ಗಂಟು ಹೊರಳಿತು. ಕೆಳಗೆ ಫೋನಿಗೆ ಸಿಗ್ನಲ್ ಇಲ್ಲ. ಇಬ್ಬರು ಮೇಲೆ ಹತ್ತಿ ಊರಿಗೆ ಬಂದು ಹೇಳುವಾಗ ಸಂಜೆ ನಾಲ್ಕು ಗಂಟೆ. ನಾವು ಎಂಟು ಜನ ಕಂಬಳಿ, ಬಿದಿರು ಗಳ, ಹಗ್ಗ ತಗೊಂಡು ಇಳಿದೆವು. ಹೊರುವಾಗ ಗಳ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಜೋಲಿಯಲ್ಲಿದ್ದವ ಪ್ರತಿ ಹೆಜ್ಜೆಗೂ ಕೂಗ್ತಿದ್ದ. ಸ್ವಲ್ಪ ಹೊತ್ತಿಗೆ ಕೂಗೋದೂ ನಿಂತಿತು, ಅದು ಇನ್ನೂ ಹೆದರಿಕೆ. ರಸ್ತೆಗೆ ತಂದು ಹಾಕುವಾಗ ರಾತ್ರಿ ಹನ್ನೊಂದೂವರೆ. ಹುಡುಗ ಆರಾಮಾದ. ನಮ್ಮ ಪಕ್ಕದ ಮನೆಯವರು ಮಾತ್ರ ಹೆಗಲು ನೋವಿಂದ ಹದಿನೈದು ದಿನ ಮರ ಹತ್ತಲಿಲ್ಲ. ಅಡಕೆ ಕೊನೆಕೊಯ್ಲಿನ ಸಮಯ ಬೇರೆ.

ಬರಬೇಡ ಅಂತ ನಾನು ಹೇಳ್ತಾ ಇಲ್ಲ. ಬೇರೆ ತರಹ ಬಾ.

ಕಡಲಮಗಳು
ಅಣ್ಣಾ, ಬೈಯೋದು ಯಾಕೆ, ಉಪಕಾರ ಆಯ್ತು. 2011ರ ವಿಷಯ ಗೊತ್ತಿತ್ತು, 2019ರದ್ದು ಗೊತ್ತಿರಲಿಲ್ಲ. ಆದರೆ ಒಂದು ಅನುಮಾನ. ಕಣಿವೆ ಒಳಗೆ ಊರುಗಳಿವೆ, ತೋಟಗಳಿವೆ, ಬಸ್ಸೂ ಓಡಾಡ್ತದೆ. ಹಾಗಿರುವಾಗ ಪ್ರವೇಶ ಇಲ್ಲ ಅಂದರೆ ಹೇಗೆ?

ಸೊಪ್ಪಿನಬೆಟ್ಟ
ಒಳ್ಳೆ ಪ್ರಶ್ನೆ. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ನೋಡು. ಅಭಯಾರಣ್ಯದ ಒಳಗೆ ಆಸ್ತಿ ಇರುವವರು, ಅವರ ಮನೆಯವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಇವರಿಗೆಲ್ಲ ಅಡ್ಡಿ ಇಲ್ಲ. ಉಳಿದವರಿಗೆ ಅನುಮತಿ ಬೇಕು. ಅದು 28ನೇ ಕಲಂ. ಪ್ರವಾಸ, ಫೋಟೊ, ಅಧ್ಯಯನ ಇವುಗಳಿಗೆ ಕೊಡಬಹುದು ಅಂತ ಅಲ್ಲೇ ಇದೆ. ಅಂದರೆ ಊರಿನ ರಸ್ತೆಯಲ್ಲಿ ನಡೆಯುವವರನ್ನು ಯಾರೂ ಹಿಡಿಯೋದಿಲ್ಲ. ರಸ್ತೆ ಬಿಟ್ಟು ಕಾಡಿಗೆ ನುಗ್ಗಿದರೆ, ಬೆಂಕಿ ಹಾಕಿದರೆ, ರಾತ್ರಿ ಉಳಿದರೆ ಕೇಸು.

ಉಂಬಳಪ್ರಿಯ
ಕೇಸು ಗೀಸು ಅಂತ ಹೆದರಿಸಬೇಡಿ ಮಾರಾಯ್ರೇ. ಭಾನುವಾರ ಬಂದು ನೋಡಿ, ಎಷ್ಟು ಜನ ಜಲಪಾತಕ್ಕೆ ಇಳೀತಾರೆ. ಕಾಡು ನೋಡದೆ ಕಾಡಿನ ಮೇಲೆ ಪ್ರೀತಿ ಹುಟ್ಟೋದು ಹೇಗೆ?

ಹೊಳೆಸಾಲು
ಅದೇ ಭಾನುವಾರದ ಜನರಿಂದಲೇ ಅಲ್ವಾ ಎಲ್ಲ ಬಿಗಿ ಆಗಿದ್ದು? 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆ ಹಾಗೆ ಜನ ಸೇರಿದರು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನೆಲ್ಲ ಸರ್ಕಾರ ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಇರುವ ದಾರಿಗಳಿಗೆ ಅಲ್ಲೇ ಟಿಕೆಟ್. ಪಟ್ಟಿಯಲ್ಲಿ ಇಲ್ಲದ ಕಡೆ ಹೋಗಬೇಕಾದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಬೇಕು. ‘ನಾವು ನೋಡಿಕೊಳ್ತೇವೆ’ ಅನ್ನುವ ಗುಂಪಿನವರನ್ನು ನಂಬಬೇಡಿ. ನನಗೇ ಅನುಭವ ಆಗಿದೆ. ದುಡ್ಡು ತಗೊಂಡು, ಅನುಮತಿ ಇದೆ ಅಂದು, ಗಾರ್ಡ್ ಬಂದ ಕೂಡಲೇ ನಮ್ಮನ್ನು ಮುಂದೆ ನಿಲ್ಲಿಸಿ ಅವನು ಮರದ ಹಿಂದೆ! ಹೆಸರು ಹೇಳೋದಿಲ್ಲ ಬಿಡಿ.

ನರ್ಸಕ್ಕ
ಸಿದ್ದಾಪುರ ತಾಲೂಕಿನ ಹಳ್ಳಿಗಳಲ್ಲಿ ಹತ್ತಾರು ವರ್ಷ ಕೆಲಸ ಮಾಡಿದವಳು ನಾನು. ಎಲ್ಲರೂ ಕಾನೂನು, ಬಂಡೆ ಅಂತ ಮಾತಾಡ್ತಿದ್ದೀರಿ, ಉಣುಗಿನ (ರಕ್ತ ಹೀರುವ ಉಣ್ಣೆಯ) ವಿಷಯ ಯಾರೂ ಎತ್ತಲಿಲ್ಲ. ಸಂಕ್ರಾಂತಿ ಅಂತ ಓದಿದ ಕೂಡಲೇ ನನ್ನ ಎದೆ ಧಸಕ್ ಅಂತು.

ಮಂಗನ ಕಾಯಿಲೆ ಗೊತ್ತಲ್ಲ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು. ಸಿದ್ದಾಪುರ ಅಲ್ಲಿಂದ ದೂರ ಏನಲ್ಲ. ವೈರಸ್ ಹರಡೋದು ಉಣುಗಿನಿಂದ. ಮಳೆಗಾಲದಲ್ಲಿ ಅದರ ಕಾಟ ಕಡಿಮೆ. ಎಲೆ ಉದುರಿ ನೆಲ ಒಣಗಿದ ಹಾಗೆ ಮರಿ ಉಣುಗು ಏಳ್ತವೆ. ಡಿಸೆಂಬರ್‌ನಿಂದ ಮೇ ತನಕ ಹೆದರಿಕೆ, ಜನವರಿಯಿಂದ ಮಾರ್ಚ್ ಜಾಸ್ತಿ. ಮರಿ ಎಷ್ಟು ಸಣ್ಣ ಅಂದರೆ ಮೈಮೇಲೆ ಇದ್ದರೂ ಕೊಳೆ ಅಂದುಕೊಂಡು ಬಿಡ್ತೀರಿ. ಒಣ ದರಕಿನ ಮೇಲೆ ಚಾಪೆ ಹಾಸಿ ಮೂರು ರಾತ್ರಿ ಮಲಗೋದು ಅಂದರೆ ಅದನ್ನು ಊಟಕ್ಕೆ ಕರೆದ ಹಾಗೆ.

ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರ್ತದೆ. ಒಮ್ಮೆಗೇ ಜೋರು ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ವಾಂತಿ, ರಕ್ತಸ್ರಾವ. ಇದಕ್ಕೆ ಅಂತಲೇ ಬೇರೆ ಔಷಧಿ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ. ಮೊದಲು ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ. ಹಾಗಾಗಿ ಕಚ್ಚಿಸಿಕೊಳ್ಳದೆ ಇರೋದೇ ದಾರಿ. ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತಿರ ಬರದ ಹಾಗೆ ಡೇಪಾ ಎಣ್ಣೆ ಕೊಡ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರು, ಸೋಪು ಹಾಕಿ ಸ್ನಾನ. ಬಟ್ಟೆ ಬಿಸಿನೀರಿನಲ್ಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೊ ಆಸೆಯೂ ಬೇಡ. ಊರಿನ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಹೇಳಿ.

ಮನೆಗೆ ಹೋದ ಮೇಲೆ ಜ್ವರ ಬಂದರೆ ಹುಬ್ಬಳ್ಳಿ ಡಾಕ್ಟರಿಗೆ ‘ಸಿದ್ದಾಪುರ ಕಾಡಿಗೆ ಹೋಗಿದ್ದೆ’ ಅಂತ ಮೊದಲೇ ಹೇಳಿ. ಹೇಳದೆ ಇದ್ದರೆ ಅವರಿಗೆ ಹೊಳೆಯೋದು ಕಷ್ಟ.

ಉಂಬಳಪ್ರಿಯ
ಅಕ್ಕಾ, ಇದು ಮಾತ್ರ ನಿಜ. ಜನವರಿ ಬೇಡ. ನನ್ನ ಮೊದಲಿನ ಮಾತು ವಾಪಸ್. ಟೆಂಟ್ ವಿಷಯದಲ್ಲೂ ಸೋತೆ, ಆಯ್ತಾ.

ಕಡಲಮಗಳು
ನರ್ಸಕ್ಕ, ತಮ್ಮನಿಗೆ ಓದಿ ಹೇಳಿದೆ. ಅವನು ಟೆಂಟ್ ಮಡಚಿ ಅಟ್ಟಕ್ಕೆ ಹಾಕಿದ. ಹಾಗಾದರೆ ಯಾವಾಗ ಬರಲಿ? ಮಳೆಗಾಲದಲ್ಲಿ ಉಂಬಳ, ಬೇಸಿಗೆಯಲ್ಲಿ ಉಣುಗು. ನಡುವೆ ಏನಾದರೂ ಉಳೀತದಾ?

ಸೊಪ್ಪಿನಬೆಟ್ಟ
ಉಳೀತದೆ, ಸಣ್ಣದೊಂದು ಸಂದು. ದೀಪಾವಳಿ ಮುಗಿದ ಮೇಲಿನ ಎರಡು ವಾರ. ಮಳೆ ಹಿಂದಾಗಿರ್ತದೆ, ಜಲಪಾತದಲ್ಲಿ ನೀರು ತುಂಬಾ ಇರ್ತದೆ, ನೆಲ ಇನ್ನೂ ಹಸಿ. ನಮಗೂ ದೊಡ್ಡಹಬ್ಬದ ಗಡಿಬಿಡಿ ಮುಗಿದು ಕೊನೆಕೊಯ್ಲು ಜೋರಾಗುವ ಮೊದಲಿನ ಬಿಡುವು. ಡಿಸೆಂಬರಿನಲ್ಲಿ ಬಂದರೆ ಅಡಕೆ ಸುಲಿಯೋದು ಬಿಟ್ಟು ನಿಮ್ಮ ಜೊತೆ ಮಾತಾಡಲಿಕ್ಕೆ ಯಾರೂ ಇರೋದಿಲ್ಲ. ನರ್ಸಕ್ಕ ಹೇಳಿದ ಎಣ್ಣೆ, ಸಾಕ್ಸು ಆಗಲೂ ಬಿಡಬೇಡಿ. ಉಣುಗು ಪಂಚಾಂಗ ನೋಡಿ ಏಳೋದಿಲ್ಲ.

ಈಗ ದಾರಿ. ಹೊಳೆ ಜೊತೆ ನಡೆಯೋದನ್ನು ಬಿಡು. ಹೊಳೆ ಮೇಲೆ ನಡಿ. ಅಂದರೆ ಕಣಿವೆಯ ಅಂಚಿನ ಊರುಗಳಲ್ಲಿ ನಡೆದು, ಅಲ್ಲಲ್ಲಿ ಹೊಳೆಯನ್ನು ನೋಡೋದು.

ಶಿರಸಿಯಲ್ಲಿ ಶುರು ಮಾಡು. ಪೇಟೆಯಲ್ಲೇ ಶಂಕರಹೊಂಡ ಇದೆ. ಅಘನಾಶಿನಿ ಹುಟ್ಟೋದು ಅಲ್ಲಿ ಅಂತ ನಾವೆಲ್ಲ ನಂಬಿದ್ದು. ಇನ್ನೊಂದು ಕವಲು ಮಂಜುಗುಣಿ ಕಡೆಯಿಂದ ಬರ್ತದೆ. ಈಗ ಹೊಂಡ ನೋಡಿದರೆ ‘ಇದಾ?’ ಅನಿಸ್ತದೆ, ಸುತ್ತ ಪೇಟೆ. ಆದರೂ ನೋಡು. ಮೂರು ದಿನ ಕಳೆದು ಕೆಳಗೆ ಅಳಿವೆ ನೋಡುವಾಗ ನೆನಪಾಗ್ತದೆ.

ಅಲ್ಲಿಂದ ಬಸ್ಸಿನಲ್ಲಿ ಹೆಗ್ಗರಣಿ. ಹೆಗ್ಗರಣಿಯಿಂದ ಉಂಚಳ್ಳಿಗೆ ಸುಮಾರು ಐದು ಕಿ.ಮೀ., ಕಾಡಿನ ನಡುವೆ ರಸ್ತೆ. ನಡೆದೇ ಹೋಗಿ. ಕೊನೆಗೆ ಮೆಟ್ಟಿಲು, ನೋಡುವ ಕಟ್ಟೆ. ಅದಕ್ಕಿಂತ ಕೆಳಗೆ ಇಳಿಯೋದು ಬೇಡ. ನಮ್ಮ ಕಡೆ ಅದನ್ನು ಕೆಪ್ಪ ಜೋಗ ಅಂತಾರೆ, ಸದ್ದಿಗೆ ಕಿವಿ ಕೆಪ್ಪಾಗ್ತದೆ ಅಂತ. 1845ರಲ್ಲಿ ಲಷಿಂಗ್ಟನ್ ಅನ್ನುವ ಬ್ರಿಟಿಷ್ ಕಲೆಕ್ಟರ್ ಕಂಡ ಅಂತ ಲಷಿಂಗ್ಟನ್ ಫಾಲ್ಸ್ ಎಂದೂ ಬರೀತಾರೆ. ನಮ್ಮ ಅಜ್ಜನ ಅಜ್ಜ ದಿನಾ ಕಾಣ್ತಿದ್ದ, ಅವನ ಹೆಸರು ಯಾರೂ ಇಡಲಿಲ್ಲ.

ರಾತ್ರಿಗೆ ಹೋಂಸ್ಟೇ. ನಾಲ್ಕು ಜನ ಅಂತ ಎರಡು ದಿನ ಮೊದಲೇ ಹೇಳಿ. ತಂಬುಳಿ, ಅಪ್ಪೆಹುಳಿ ಊಟ ಸಿಗ್ತದೆ, ಬಟ್ಟೆ ಒಣಗಿಸಲಿಕ್ಕೆ ಬಚ್ಚಲು ಒಲೆ ಸಿಗ್ತದೆ. ಟೆಂಟಿನಲ್ಲಿ ಇದೆಲ್ಲ ಎಲ್ಲಿ?

ಎರಡನೇ ದಿನ ನಿಲ್ಕುಂದ ಕಡೆ. ಅಲ್ಲಿ ಭೀಮನಗುಡ್ಡದ ಮೇಲೆ ನಿಂತರೆ ಘಟ್ಟದ ಸಾಲು ಪೂರ್ತಿ ಕಾಣ್ತದೆ. ಬೆಳಿಗ್ಗೆ ಬೇಗ ಹೋದರೆ ಕಣಿವೆ ತುಂಬಾ ಮಂಜು. ಮಧ್ಯಾಹ್ನ ಹೋದರೆ ಬರೀ ಬಿಸಿಲು.

ಕಡಲಮಗಳು
ಹೊಳೆ ಮೇಲೆ ನಡೆಯೋದು... ಮೊದಲು ಓದಿದಾಗ ಬೇಜಾರಾಯ್ತು ಅಣ್ಣಾ. ಸುಳ್ಳು ಹೇಳೋದಿಲ್ಲ. ಮ್ಯಾಪು ಮತ್ತೆ ತೆಗೆದು ನೋಡಿದೆ. ಆ ಗೆರೆ ಎರಡು ಕಡೆ ನೀರಿನ ಮೇಲೇ ಹೋಗಿದೆ! ಅದನ್ನು ನಾನು ಮೊದಲು ನೋಡಿಯೇ ಇರಲಿಲ್ಲ.

ಹೊಳೆಸಾಲು
ಇನ್ನೊಂದು ಮಾತು, ನೀವು ಕಾಳಿ ಕಡೆಯವರು ಅಂತ ಹೇಳ್ತಿದ್ದೇನೆ. ಕದ್ರಾದಲ್ಲಿ ಗೇಟು ತೆಗೆಯುವ ಮೊದಲು ಕೆಳಗಿನವರಿಗೆ ಎಚ್ಚರಿಕೆ ಬರ್ತದೆ. ಇಲ್ಲಿ ಅಣೆಕಟ್ಟೇ ಇಲ್ಲ, ಹಾಗಾಗಿ ಎಚ್ಚರಿಸುವವರೂ ಇಲ್ಲ. ಶಿರಸಿಯಲ್ಲಿ ಸಂಜೆ ಮಳೆ ಹೊಡೆದರೆ ಕೆಳಗೆ ಬಿಸಿಲಲ್ಲಿ ಕೂತವರಿಗೆ ಗೊತ್ತಾಗೋದಿಲ್ಲ. ನೀರು ಕೆಂಪಾಯಿತು, ತರಗೆಲೆ ತೇಲಿ ಬರ್ತಿದೆ ಅಂದರೆ ಕೂಡಲೇ ಮೇಲೆ ಬನ್ನಿ. ಬ್ಯಾಗು ಬಿಟ್ಟಾದರೂ ಬನ್ನಿ.

ಜೋರು ಮಳೆಗಾಲದಲ್ಲಂತೂ ನಮ್ಮ ಜಿಲ್ಲೆಯ ಘಟ್ಟಕ್ಕೆ ಬರಲೇಬೇಡಿ. 2021ರಲ್ಲಿ ಕಳಚೆ, 2024ರ ಜುಲೈಯಲ್ಲಿ ಶಿರೂರು. ಗುಡ್ಡ ಹೇಗೆ ಕುಸಿದು ಬರ್ತದೆ ಅಂತ ನೋಡಿದ್ದೇವೆ.

ಅಲೆಮಾರಿ
ಕತ್ತಲೆಕಾನನ್ನೂ ಸೇರಿಸಿ! ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ನೋಡಲೇಬೇಕು. ಬೇರು ಮಂಡಿ ಮಡಚಿದ ಹಾಗೆ ನೆಲದಿಂದ ಮೇಲೆ ಬಂದಿರ್ತವೆ.

ಸೊಪ್ಪಿನಬೆಟ್ಟ
ಕತ್ತಲೆಕಾನು ಹೊನ್ನಾವರ ರಸ್ತೆಯಲ್ಲಿ, ಅದು ಶರಾವತಿ ಕಡೆ. ಇನ್ನೊಂದು ಸಲ. ಜಡ್ಡಿ ಎಲ್ಲಿ ಕಂಡರೂ ಆ ಬೇರಿನ ಮೇಲೆ ಕಾಲಿಡಬೇಡಿ. ವರ್ಷವಿಡೀ ನೀರು ನಿಲ್ಲುವ ನೆಲದಲ್ಲಿ ಮರ ಉಸಿರಾಡೋದೇ ಅದರಿಂದ.

ಘಟ್ಟದಕೆಳಗೆ
ನಾನು ಕುಮಟಾದವ. ಘಟ್ಟದ ಮೇಲಿನವರು ಎರಡೇ ದಿನದಲ್ಲಿ ಹೊಳೆ ಮುಗಿಸಿಬಿಟ್ಟರು, ಅರ್ಧ ಹೊಳೆ ನಮ್ಮ ಕಡೆ ಇದೆ ಅಲ್ವಾ!

ಮೂರನೇ ದಿನ ವಾಪಸ್ ಶಿರಸಿಗೆ ಬಂದು ಕುಮಟಾ ಬಸ್ಸು ಹತ್ತಿ ದೇವಿಮನೆ ಘಟ್ಟ ಇಳಿಯಿರಿ. ರಸ್ತೆ ಕೆಲಸಕ್ಕೆ ಬಂದ್ ಇದೆಯಾ ಅಂತ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿ, ಆ ರಸ್ತೆದು ಅದೇ ಕತೆ. ಕೆಳಗೆ ಬಂದ ಮೇಲೆ ಯಾಣ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಯಾಣದ ಹತ್ತಿರ ಹುಟ್ಟುವ ಚಂಡಿಕಾ ಹೊಳೆಯೂ ಕೊನೆಗೆ ಅಘನಾಶಿನಿಗೇ ಸೇರೋದು. ಹಾಗಾಗಿ ಹೊಳೆ ಬಿಟ್ಟು ಹೋದೆವು ಅಂತ ಬೇಜಾರು ಬೇಡ.

ನಾಲ್ಕನೇ ದಿನ ನಿಜವಾದ ನಡಿಗೆ. ಇಲ್ಲಿ ಹೊಳೆಗೆ ದಂಡೆ ಇದೆ! ಮಿರ್ಜಾನ ಕೋಟೆ ನೋಡಿ. ಆಮೇಲೆ ದಿವಗಿ, ಮಾಸೂರು, ಐಗಳಕುರ್ವೆ ಕಡೆ ಗಜನಿ ಗದ್ದೆಗಳು, ಅಂದರೆ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆಗಳು. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯೋದು ಅಲ್ಲೇ. ಗಜನಿಯ ಕಟ್ಟೆ ಮೇಲೆ ನಡೆಯಬಹುದು, ಆದರೆ ಕೇಳಿ ನಡೆಯಿರಿ. ಕಟ್ಟೆ ಒಂದು ಕಡೆ ಕುಸಿದರೆ ಉಪ್ಪುನೀರು ಗದ್ದೆಗೇ ಬರೋದು.

ಭರತ, ಇಳಿತದ ಹೊತ್ತು ಮೊದಲೇ ತಿಳಿದುಕೊಳ್ಳಿ. ಇಳಿತದಲ್ಲಿ ಬಂದರೆ ಹೊಳೆ ನಡುವೆ ಜನ ಬಳಚು (ತಿನ್ನುವ ಚಿಪ್ಪು) ಆರಿಸೋದು ಕಾಣ್ತದೆ. ನೋಡಲು ಸುಲಭ, ಆದರೆ ಆ ಕೆಸರಿಗೆ ಇಳಿಯಬೇಡಿ. ಅವರಿಗೆ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅಂತ ಕಾಲಿಗೇ ಗೊತ್ತು, ನಿಮಗೆ ಗೊತ್ತಿಲ್ಲ. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಬಳಚು ಆರಿಸುವವರನ್ನು ಕೇಳಿದರೆ ‘ಹೌದಂತೆ’ ಅಂತಾರೆ, ಅಷ್ಟೇ.

ಕೊನೆಗೆ ಅಘನಾಶಿನಿ ಊರಿಂದ ದೋಣಿಯಲ್ಲಿ ತದಡಿ. ಆಚೆ ಇಳಿದರೆ ಸಾಣಿಕಟ್ಟಾದ ಉಪ್ಪಿನ ಆಗರ, ಹಾಗೇ ಗೋಕರ್ಣ.

ಕಡಲಮಗಳು
ಹಾಗಾದರೆ ಹೊಸ ಯೋಜನೆ ಇದು. ಮೊದಲ ದಿನ ಶಂಕರಹೊಂಡ, ಹೆಗ್ಗರಣಿ, ಉಂಚಳ್ಳಿ. ಎರಡನೇ ದಿನ ನಿಲ್ಕುಂದ. ಮೂರನೇ ದಿನ ದೇವಿಮನೆ ಘಟ್ಟ ಇಳಿದು ಯಾಣ. ನಾಲ್ಕನೇ ದಿನ ಮಿರ್ಜಾನದಿಂದ ತದಡಿ. ರಾತ್ರಿ ಎಲ್ಲ ಮನೆಗಳಲ್ಲಿ. ದೀಪಾವಳಿ ಮುಗಿದ ವಾರ. ಅರಣ್ಯ ಇಲಾಖೆಗೆ ದಾರಿ, ಹೆಸರು, ದಿನಾಂಕ ಬರೆದು ಪತ್ರ ಕೊಡ್ತೇನೆ. ಸಿಂಗಳೀಕ ಕಾಣಬಹುದಾ?

ಸೊಪ್ಪಿನಬೆಟ್ಟ
ಕಂಡರೆ ಪುಣ್ಯ. ಮೈ ಕಪ್ಪು, ಮುಖದ ಸುತ್ತ ಬಿಳಿ ಕೇಸರ, ಬಾಲದ ತುದಿಗೆ ಗೊಂಡೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆ ಎಲ್ಲೂ ಇಲ್ಲ. ಘಟ್ಟದಲ್ಲಿ ಬಡಗಣ ತುದಿಯ ಗುಂಪುಗಳು ಇರೋದು ನಮ್ಮ ಕಡೆ. ಮರದ ಮೇಲೇ ಇರ್ತವೆ, ನೆಲಕ್ಕೆ ಬರೋದು ಕಡಿಮೆ. ರಸ್ತೆ ಬದಿಗೆ ಬಂದು ಕೈ ಚಾಚಿದರೆ ಅದು ಸಿಂಗಳೀಕ ಅಲ್ಲ, ಮಂಗ. ಎರಡಕ್ಕೂ ಬಿಸ್ಕೀಟು ಕೊಡಬೇಡ.

ಇನ್ನೊಂದು, ತೋಟ ದಾಟುವಾಗ ದಣಪೆ (ಬೇಲಿಯ ಅಡ್ಡಗಳ) ತೆಗೆದರೆ ಹಾಕಿ ಹೋಗಿ. ಹೋದ ವರ್ಷ ಯಾರೋ ತೆಗೆದಿಟ್ಟು ಹೋದರು. ಪಕ್ಕದ ಮನೆ ಎಮ್ಮೆ ಬಂದು ಬಾಳೆ ಸಸಿ ಅಷ್ಟೂ ತಿಂದು, ನಮ್ಮನೆ ಅಂಗಳದಲ್ಲೇ ಮಲಗಿತ್ತು.

ಕಡಲಮಗಳು
(ನವೆಂಬರ್, ಹೋಗಿ ಬಂದ ಮೇಲೆ)
ಬಂದೆವು. ಮೊದಲ ಸುದ್ದಿ: ದಣಪೆ ಎಲ್ಲಾ ಹಾಕಿದ್ದೇವೆ.

ಉಂಚಳ್ಳಿಯಲ್ಲಿ ನಾವು ನಾಲ್ಕೂ ಜನ ಅರ್ಧ ಗಂಟೆ ಮಾತಾಡಲಿಲ್ಲ, ಮಾತಾಡಿದರೂ ಕೇಳ್ತಿರಲಿಲ್ಲ ಬಿಡಿ. ಕಟ್ಟೆ ಮೇಲೆ ನಿಂತು ಕೆಳಗೆ ನೋಡಿದೆ. ನಾನು ಟೆಂಟ್ ಹಾಕಬೇಕು ಅಂದುಕೊಂಡಿದ್ದ ‘ಮರಳು’ ಹುಡುಕಿದೆ. ಬರೀ ಬಂಡೆ, ಬಿಳಿ ನೀರು. ಮ್ಯಾಪಿನಲ್ಲಿ ಅದು ಬಿಳಿಯಾಗಿ ಕಂಡಿದ್ದು ನೊರೆ!

ನಿಲ್ಕುಂದದಲ್ಲಿ ಮಂಜು ಬಿಡಲೇ ಇಲ್ಲ, ಹತ್ತು ಗಂಟೆ ತನಕ ಏನೂ ಕಾಣಲಿಲ್ಲ. ಸಿಂಗಳೀಕವೂ ಕಾಣಲಿಲ್ಲ. ಕೂಗು ಕೇಳಿತು ಅಂತ ತಮ್ಮ ಹೇಳ್ತಾನೆ, ನನಗೆ ನಂಬಿಕೆ ಇಲ್ಲ. ಘಟ್ಟ ಇಳಿಯುವ ಬಸ್ಸಿನಲ್ಲಿ ಒಬ್ಬಳು ಗೆಳತಿಗೆ ವಾಂತಿ. ಯಾಣದಲ್ಲಿ ಜನ ಜಾಸ್ತಿ, ಬೇಗ ಹೊರಟೆವು.

ನಾಲ್ಕನೇ ದಿನವೇ ನನಗೆ ಜಾಸ್ತಿ ಇಷ್ಟ ಆಗಿದ್ದು. ಇಳಿತದ ಹೊತ್ತು. ಒಬ್ಬರು ಅಮ್ಮ ಸೊಂಟದ ತನಕ ನೀರಿನಲ್ಲಿ ನಿಂತು ಕಾಲಿನಲ್ಲೇ ಬಳಚು ಹುಡುಕ್ತಿದ್ದರು. ಎಲ್ಲಿಂದ ಬಂದಿರಿ ಅಂದರು. ಶಿರಸಿಯಿಂದ, ಹೊಳೆ ಹುಟ್ಟೋದು ನೋಡಿ ಬಂದೆವು ಅಂದೆ. ‘ಅಲ್ಲೂ ನೀರು ಉಪ್ಪಾ?’ ಅಂತ ಕೇಳಿ ನಕ್ಕರು. ದೋಣಿಯಲ್ಲಿ ತದಡಿಗೆ ಬರುವಾಗ ತಮ್ಮ ಕೈ ನೀರಿಗೆ ಬಿಟ್ಟು ನೆಕ್ಕಿ ನೋಡಿದ.

ನಡೆದಿದ್ದು ಅಂದುಕೊಂಡಿದ್ದರ ಅರ್ಧವೂ ಇಲ್ಲ. ಉಳಿದದ್ದು ಬಸ್ಸು, ದೋಣಿ, ಮತ್ತೆ ಊಟ.

ನರ್ಸಕ್ಕ
ಬಂದು ಎಷ್ಟು ದಿನ ಆಯ್ತು? ಜ್ವರ ಗಿರ?

ಕಡಲಮಗಳು
ಇವತ್ತಿಗೆ ಹನ್ನೆರಡು ದಿನ ಅಕ್ಕಾ. ಯಾರಿಗೂ ಏನಿಲ್ಲ. ಒಬ್ಬಳ ಸಾಕ್ಸಿನ ಮೇಲೆ ಒಂದು ಉಣುಗು ಸಿಕ್ಕಿತ್ತು. ಪ್ಯಾಂಟು ಒಳಗೆ ಸಿಕ್ಕಿಸಿದ್ದರಿಂದ ಅಲ್ಲೇ ನಿಂತಿತ್ತು.

ಸೊಪ್ಪಿನಬೆಟ್ಟ
ತಂಗೀ, ಬಚ್ಚಲು ಒಲೆ ಮೇಲೆ ಒಂದು ಜೊತೆ ನೀಲಿ ಸಾಕ್ಸು ಉಳಿದಿದೆ. ಅದರದ್ದೇ ಜೊತೆಯಾ? ಅಮ್ಮ ತೊಳೆದು ಇಟ್ಟಿದ್ದಾಳೆ. ಬುಧವಾರ ಅಡಕೆ ತಗೊಂಡು ಶಿರಸಿಗೆ ಹೋಗ್ತೇನೆ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಹತ್ತಿರ ಕೊಟ್ಟು ಕಳಿಸಲಾ?